ಕತ್ತರಿ ಯಾರ ಕೈಯಲ್ಲಿ?



ನಿಮ್ಮ ಕಾಲೇಜಿನ ಈ ಉಪನ್ಯಾಸಕ್ಕೆ ದತ್ತಿ ಇಟ್ಟಿರುವ ಕುಟುಂಬದವರು ತಮ್ಮ ಹಿರಿಯರ ಗುಣಗಾನ ಬೇಡ, ವಿಷಯ ಮಾತಾಡಿ ಸಾಕು ಎಂದು ನನಗೆ ಮೊದಲೇ ತಾಕೀತು ಮಾಡಿದ್ದಾರೆ. ಇಂಥ ದಾನಿಗಳು ಅಪರೂಪ. ಅವರ ಮಾತನ್ನು ಉಳಿಸಿಕೊಳ್ಳುತ್ತೇನೆ.

ನಮ್ಮ ಯಾವುದೇ ಊರಿನ ಪೇಟೆ ಬೀದಿಯಲ್ಲಿ ಒಂದು ಸುತ್ತು ನಡೆದು ಬನ್ನಿ. 'ಜೆಂಟ್ಸ್ ಟೈಲರ್' ಬೋರ್ಡಿನ ಕೆಳಗೆ ಕೊರಳಿಗೆ ಟೇಪು ಇಳಿಬಿಟ್ಟುಕೊಂಡ ಗಂಡಸು ನಿಂತಿರುತ್ತಾನೆ. 'ಲೇಡೀಸ್ ಟೈಲರ್' ಬೋರ್ಡಿನ ಕೆಳಗೂ ಹೆಚ್ಚಿನ ಕಡೆ ಗಂಡಸೇ. ಹಾಗಾದರೆ ಹೆಂಗಸರು ಹೊಲಿಯುವುದಿಲ್ಲವೇ? ಹೊಲಿಯುತ್ತಾರೆ. ಒಳಗೇರಿಯಲ್ಲಿ, ಮನೆಯ ಹಜಾರದಲ್ಲಿ, 'ಇಲ್ಲಿ ಫಾಲ್, ಪಿಕೋ ಮಾಡಿಕೊಡಲಾಗುವುದು' ಎಂದು ಬರೆದ ರಟ್ಟಿನ ಹಿಂದೆ ಕೂತು ಹೊಲಿಯುತ್ತಾರೆ. ಹೆಂಗಸರ ಅಳತೆಯನ್ನು ಗಂಡಸು ತೆಗೆದರೆ ಅದು ಕಸುಬು. ಗಂಡಸಿನ ಪ್ಯಾಂಟಿನ ಅಳತೆಯನ್ನು ಹೆಣ್ಣುಮಗಳೊಬ್ಬಳು ತೆಗೆದರೆ ಬೀದಿಯೆಲ್ಲ ಸುದ್ದಿ. ಅಂಥ ಅಂಗಡಿಯನ್ನು ನೀವು ಎಷ್ಟು ಕಂಡಿದ್ದೀರಿ?

ಹೊಲಿಗೆ ಹೆಣ್ಣಿನ ಕೆಲಸವೋ ಗಂಡಿನ ಕೆಲಸವೋ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ಸೂಜಿ ಎಲ್ಲ ಕಾಲಕ್ಕೂ ಇಬ್ಬರ ಕೈಯಲ್ಲೂ ಇತ್ತು. ಕತ್ತರಿ ಯಾರ ಕೈಯಲ್ಲಿತ್ತು, ಟೇಪು ಯಾರ ಕೊರಳಲ್ಲಿತ್ತು ಎಂದು ಕೇಳಿದಾಗ ವಿಷಯ ಬಿಚ್ಚಿಕೊಳ್ಳುತ್ತದೆ. ಬಟ್ಟೆಯನ್ನು ಎಲ್ಲಿ ಕತ್ತರಿಸಬೇಕು, ಎಷ್ಟು ಬಿಡಬೇಕು, ಕೊರಳು ಎಷ್ಟು ಇಳಿಯಬೇಕು, ತೋಳು ಎಲ್ಲಿಗೆ ನಿಲ್ಲಬೇಕು ಎಂದು ತೀರ್ಮಾನಿಸುವವರು ಒಬ್ಬರು. ಆ ತೀರ್ಮಾನದ ಮೇಲೆ ಹೊಲಿಗೆ ಹಾಕುವವರು ಇನ್ನೊಬ್ಬರು. ಅದನ್ನು ತೊಟ್ಟು ಓಡಾಡುವವರು ಮತ್ತೊಬ್ಬರು. ತನ್ನ ಬಟ್ಟೆಯನ್ನು ತಾನೇ ಹೊಲಿದುಕೊಳ್ಳುವಾಗ ಈ ಮೂವರೂ ಒಬ್ಬರೇ ಆಗುತ್ತಾರೆ. ಗಂಡು ಹೀಗೆ, ಹೆಣ್ಣು ಹೀಗೆ ಎಂಬ ಕಟ್ಟಳೆಗೆ ನಡುವೆ ನುಸುಳಲು ಆಗ ಜಾಗ ಕಡಿಮೆ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ.

ಇಂಥ ವಿಷಯ ಬಂದಾಗ ನಮ್ಮ ಭಾಷಣಕಾರರು ಹೆಣ್ಣು ಗಂಡೆಂಬ ಭೇದವನ್ನು ಪ್ರಶ್ನಿಸುವ ಜೇಡರ ದಾಸಿಮಯ್ಯನ ಒಂದು ವಚನವನ್ನು ತಪ್ಪದೆ ಹೇಳುತ್ತಾರೆ. ಅದು ನಿಮಗೆಲ್ಲ ಬಾಯಿಪಾಠ, ಬಿಡುತ್ತೇನೆ. ಅಷ್ಟು ಹೆಸರಾಗದ ಇಬ್ಬರನ್ನು ನೆನೆಯೋಣ. 12ನೇ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವನಿದ್ದ. ಹೆಸರೇ ಹೇಳುವಂತೆ ಸೂಜಿ ಅವನ ಕಾಯಕ. ಅದೇ ಬಳಗದಲ್ಲಿ ಕದಿರ ರೆಮ್ಮವ್ವೆ ಇದ್ದಳು. ನೂಲುವ ರಾಟೆಯನ್ನೇ ವಚನದೊಳಕ್ಕೆ ತಂದವಳು ಅವಳು. ಹೊಲಿಯುವ ಗಂಡು, ನೂಲುವ ಹೆಣ್ಣು: ಆ ಕಾಲಕ್ಕೆ ಇದು ಸಹಜವಾದ ಹಂಚಿಕೆ. ಕಸುಬಿನ ಹೊಲಿಗೆಯೇನೋ ಚಿಪ್ಪಿಗರದು, ಸಿಂಪಿಗರದು; ಉತ್ತರ ಕರ್ನಾಟಕದ ಸಿಂಪಿ ಸಮಾಜದವರು ಇಂದಿಗೂ ಸಂತ ನಾಮದೇವನನ್ನು ತಮ್ಮವನೆಂದು ಪೂಜಿಸುತ್ತಾರೆ. ಅದೇ ಊರುಗಳಲ್ಲಿ ಕಸೂತಿ, ಕೌದಿ ಹೆಂಗಸರ ಪಾಲಿಗೆ ಬಂದವು. ಕಸೂತಿ ಹಾಕುವವಳು ಎಳೆ ಎಣಿಸಿ ಗವಂತಿ, ಮುರ್ಗಿ, ನೇಯ್ಗಿ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳಲ್ಲಿ ಗೋಪುರ, ತೇರು, ನವಿಲು ತರುತ್ತಾಳೆ. ಹಿಂದೆ ಮುಂದೆ ಎರಡೂ ಕಡೆ ಅಚ್ಚುಕಟ್ಟಾಗಿ ಕಾಣಬೇಕು, ಗಂಟು ಹಾಕುವಂತಿಲ್ಲ. ಚಿಪ್ಪಿಗನ ಒರಟು ಹೊಲಿಗೆಗೆ ಕಾಳೋ ಕಾಸೋ ಸಿಗುತ್ತಿತ್ತು. ಇವಳ ನಯವಾದ ಕೆಲಸ ಮಗಳ ಮದುವೆ ಸೀರೆಯ ಮೇಲೆ ಹೋಗುತ್ತಿತ್ತು, ಕೂಲಿ ಇಲ್ಲ.

ಇದು ನಮ್ಮೊಬ್ಬರ ಕತೆಯಲ್ಲ. ಪ್ಯಾರಿಸ್ಸಿನಲ್ಲಿ 1675ರವರೆಗೆ ಬಟ್ಟೆ ಹೊಲಿಯುವ ಅಧಿಕೃತ ಹಕ್ಕು ಗಂಡಸು ದರ್ಜಿಗಳ ಸಂಘದ್ದು. ಆ ವರ್ಷ ಹದಿನಾಲ್ಕನೇ ಲೂಯಿ ಹೊಲಿಗೆಗಾರ್ತಿಯರಿಗೆ ಪ್ರತ್ಯೇಕ ಸಂಘ ಕಟ್ಟಿಕೊಳ್ಳಲು ಒಪ್ಪಿಗೆ ಕೊಟ್ಟ. ಹೆಂಗಸರ ಮತ್ತು ಮಕ್ಕಳ ಬಟ್ಟೆ ಅವರು ಹೊಲಿಯಬಹುದು, ಗಂಡಸರದು ಕೂಡದು. ಒಂದೂವರೆ ಶತಮಾನ ಕಳೆದು ಅದೇ ದೇಶದ ತಿಮೊನಿಯೆ ಎಂಬ ದರ್ಜಿ ಹೊಲಿಗೆ ಯಂತ್ರ ಮಾಡಿ ಸೈನಿಕರ ಸಮವಸ್ತ್ರ ಹೊಲಿಸಲು ಹೊರಟಾಗ, ಹೊಟ್ಟೆಪಾಡಿಗೆ ಹೆದರಿದ ದರ್ಜಿಗಳು 1831ರಲ್ಲಿ ನುಗ್ಗಿ ಯಂತ್ರಗಳನ್ನು ಪುಡಿಮಾಡಿದರು. ಕೈಯಲ್ಲಿ ಕತ್ತರಿ ಇದ್ದವರಿಗೆ ಅದನ್ನು ಬಿಟ್ಟುಕೊಡುವ ಮನಸ್ಸು ಎಲ್ಲೂ ಇರಲಿಲ್ಲ.

ಈಗ ನಮ್ಮ ಟೈಲರ್ ಅಂಗಡಿಯೊಳಗೆ ಬನ್ನಿ. ಎದುರಿಗೇ ಎತ್ತರದ ಮೇಜು, ಅದರ ಹಿಂದೆ ಕಟಿಂಗ್ ಮಾಸ್ಟರು. ಅಂಗಡಿಯಲ್ಲಿ 'ಮಾಸ್ಟರ್' ಎಂದು ಕರೆಸಿಕೊಳ್ಳುವವರು ಇವರೊಬ್ಬರೇ. ಒಳಗೆ ಮಿಷನ್ ತುಳಿಯುವವರಿಗೆ ಪೀಸಿಗೆ ಇಷ್ಟು ಎಂದು ಲೆಕ್ಕ. ಅದಕ್ಕಿಂತ ಕೆಳಗೆ ಇನ್ನೊಂದು ಪದರ ಇದೆ, ಅದು ಅಂಗಡಿಯಲ್ಲಿ ಕಾಣುವುದೇ ಇಲ್ಲ: ಕಾಜಾ ಹಾಕುವುದು, ಹುಕ್ಕು ಹಚ್ಚುವುದು, ಹೆಮ್ಮಿಂಗ್ ಮಾಡುವುದು. ಆ ಗಂಟು ಸಂಜೆ ಯಾವುದೋ ಮನೆಗೆ ಹೋಗಿ ಮರುದಿನ ವಾಪಸು ಬರುತ್ತದೆ. ಆ ಮನೆಯಲ್ಲಿ ಟಿವಿ ಧಾರಾವಾಹಿ ನೋಡುತ್ತಾ ಹುಕ್ಕು ಹಚ್ಚುವವಳು ಹೆಣ್ಣುಮಗಳು. ನಿಮ್ಮ ಬ್ಲೌಸಿನ ಅಂಚನ್ನು ಒಮ್ಮೆ ಮಗುಚಿ ನೋಡಿ. ಅವಳ ಹೆಸರು ನಿಮಗೆ ಗೊತ್ತಿರುವುದಿಲ್ಲ, ಮಾಸ್ಟರ ಹೆಸರು ಬೋರ್ಡಿನ ಮೇಲಿದೆ.

ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಇದೇ ವ್ಯವಸ್ಥೆ ಸಾವಿರಪಟ್ಟು ದೊಡ್ಡದಾಗಿದೆ. ಕಟಿಂಗ್ ವಿಭಾಗದಲ್ಲಿ ಬಹುಪಾಲು ಗಂಡಸರು, ಹೊಲಿಗೆಯ ಲೈನಿನಲ್ಲಿ ಬಹುಪಾಲು ಹೆಂಗಸರು. ಲೈನಿನಲ್ಲಿ ಒಬ್ಬಳು ಕಾಲರ್ ಮಾತ್ರ ಹೊಲಿಯುತ್ತಾಳೆ, ಪಕ್ಕದವಳು ಕಫ್ ಮಾತ್ರ. ವರ್ಷಗಟ್ಟಲೆ ಪರದೇಶದವರ ಶರಟಿಗೆ ಕಾಲರ್ ಕೂರಿಸಿದವಳು ತನ್ನ ಮಗನ ಶಾಲೆ ಶರಟನ್ನು ರೆಡಿಮೇಡ್ ಅಂಗಡಿಯಿಂದ ತರುತ್ತಾಳೆ, ಏಕೆಂದರೆ ಶರಟಿನ ಉಳಿದ ಭಾಗ ಅವಳ ಕೈಗೆ ಬಂದೇ ಇಲ್ಲ. 2016ರ ಏಪ್ರಿಲ್‌ನಲ್ಲಿ ಇದೇ ಹೆಣ್ಣುಮಕ್ಕಳು ಭವಿಷ್ಯನಿಧಿಯ ಹಣ ವಾಪಸು ಪಡೆಯುವುದಕ್ಕೆ ಹಾಕಿದ್ದ ಹೊಸ ಕಟ್ಟುಪಾಡಿನ ವಿರುದ್ಧ ಸಾವಿರಾರು ಸಂಖ್ಯೆಯಲ್ಲಿ ರಸ್ತೆಗೆ ಇಳಿದರು. ಎರಡು ದಿನ ಬೆಂಗಳೂರು ಸ್ತಬ್ಧವಾಯಿತು, ಕೇಂದ್ರ ಸರ್ಕಾರ ಆ ನಿಯಮವನ್ನೇ ಹಿಂತೆಗೆದುಕೊಂಡಿತು. ದೇಶದ ನಿಯಮವನ್ನು ಬದಲಿಸಬಲ್ಲವರಾದರು. ಕಟಿಂಗ್ ಮೇಜಿಗೆ ಹೋಗುವ ದಾರಿ ಮಾತ್ರ ಅವರಲ್ಲಿ ಬಹಳ ಮಂದಿಗೆ ಇನ್ನೂ ತೆರೆದಿಲ್ಲ.

ನಾನು ಇತಿಹಾಸದ ಮೇಷ್ಟ್ರು. ಆದ್ದರಿಂದ ಬೆಳಗಾವಿಗೆ ಹೋಗದೆ ಇರಲಾರೆ. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಅಲ್ಲಿ ನಡೆಯಿತು ಎಂದು ಪರೀಕ್ಷೆಗೆ ಓದಿರುತ್ತೀರಿ. ಅಲ್ಲಿ ಒಪ್ಪಿಕೊಂಡ ಒಂದು ಸಂಗತಿ ಪರೀಕ್ಷೆಗೆ ಬರುವುದಿಲ್ಲ. ಕಾಂಗ್ರೆಸ್ಸಿನ ಸದಸ್ಯನಾಗಬೇಕಾದರೆ ಚಂದಾ ಹಣ ಸಾಲದು, ತಿಂಗಳಿಗೆ 2,000 ಗಜ ನೂಲನ್ನು ಸ್ವತಃ ನೂತು ಕೊಡಬೇಕು. ಯೋಚಿಸಿ ನೋಡಿ. ವಕೀಲರು, ಜಮೀನುದಾರರು, ಕೋಟು ಪೇಟದ ಮಹನೀಯರು ತುಂಬಿದ್ದ ಪಕ್ಷವದು. ಅಜ್ಜಿಯರು ಹಿತ್ತಲ ಜಗುಲಿಯಲ್ಲಿ ಮಾಡುತ್ತಿದ್ದ ಕೆಲಸ ಅದರ ಪ್ರವೇಶ ಶುಲ್ಕವಾಯಿತು. ಗಂಡು ಹೆಣ್ಣಿನ ಕೆಲಸದ ಗೆರೆಯನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ಅಳಿಸಲು ಹೊರಟ ಇನ್ನೊಂದು ರಾಜಕೀಯ ಠರಾವು ನನಗೆ ಗೊತ್ತಿಲ್ಲ. ಆದರೆ ಠರಾವಿನೊಳಗೆ ಒಂದು ಕಿಂಡಿಯೂ ಇತ್ತು. ಕಾಯಿಲೆ ಇದ್ದರೆ, ಅಥವಾ ನೂಲಲು ಮನಸ್ಸಿಲ್ಲದಿದ್ದರೆ, ಬೇರೆಯವರು ನೂತ ನೂಲನ್ನು ತಂದು ಕೊಡಬಹುದು. ಮನಸ್ಸಿಲ್ಲದ ಮಹನೀಯರ ಪಾಲಿನ ನೂಲು ಯಾರ ಕೈಯಿಂದ ಬಂದಿರಬಹುದು ಎಂಬುದನ್ನು ನಿಮ್ಮ ಊಹೆಗೆ ಬಿಡುತ್ತೇನೆ. ಮರುವರ್ಷವೇ ನಾಲ್ಕಾಣೆ ಚಂದಾ ವಾಪಸು ಬಂತು.

ಅದೇ 1924ರಲ್ಲಿ 'ಯಂಗ್ ಇಂಡಿಯಾ' ಪತ್ರಿಕೆಯಲ್ಲಿ ಬಂದ ಸಂಭಾಷಣೆಯೊಂದರಲ್ಲಿ ಗಾಂಧೀಜಿ ಸಿಂಗರ್ ಹೊಲಿಗೆ ಯಂತ್ರವನ್ನು ಹೊಗಳಿದ್ದಾರೆ. ಯಂತ್ರಗಳ ಬಗ್ಗೆ ಅವರಿಗಿದ್ದ ಸಿಟ್ಟಿನಿಂದ ಪಾರಾದ ಕೆಲವೇ ಯಂತ್ರಗಳಲ್ಲಿ ಅದೂ ಒಂದು. ಹೆಂಡತಿ ಕೈಹೊಲಿಗೆಯಲ್ಲಿ ಸವೆಯುವುದನ್ನು ನೋಡಲಾರದೆ, ಪ್ರೀತಿಯಿಂದ ಸಿಂಗರ್ ಅದನ್ನು ಕಂಡುಹಿಡಿದ ಎಂಬ ಕತೆಯನ್ನು ಅವರು ನಂಬಿದ್ದರು. ಐಸಾಕ್ ಸಿಂಗರನ ಜೀವನ ಬಲ್ಲವರು ಇಲ್ಲಿ ಮುಗುಳ್ನಗುತ್ತಾರೆ. ಆ ಪುಣ್ಯಾತ್ಮನಿಗೆ ಒಂದಲ್ಲ, ಹಲವು ಸಂಸಾರಗಳಿದ್ದವು, ಮಕ್ಕಳು 20ಕ್ಕೂ ಮೇಲೆ. 1851ರಲ್ಲಿ ಅವನು ಪೇಟೆಂಟ್ ಪಡೆದದ್ದು ಶುದ್ಧ ವ್ಯಾಪಾರಕ್ಕೆ. ಅದಕ್ಕೂ ಐದು ವರ್ಷ ಮೊದಲೇ ಪೇಟೆಂಟ್ ಪಡೆದಿದ್ದ ಇಲಾಯಸ್ ಹೋವ್ ಅವನನ್ನು ಕೋರ್ಟಿಗೆ ಎಳೆದು ಗೆದ್ದ. ಕತೆ ನಿಜವೋ ಸುಳ್ಳೋ ಇರಲಿ, ನನ್ನನ್ನು ಕಾಡುವುದು ಅದರೊಳಗಿನ ಸಂಸಾರ. ಪ್ರೀತಿಸುವ ಗಂಡ ಹೆಂಡತಿಗಾಗಿ ಯಂತ್ರವನ್ನು ಕಂಡುಹಿಡಿಯುತ್ತಾನೆಯೇ ಹೊರತು, ಪಕ್ಕದಲ್ಲಿ ಕೂತು ಒಂದು ಹರಿದ ಅಂಗಿಯನ್ನೂ ಹೊಲಿಯುವುದಿಲ್ಲ. ರಾಟೆಯನ್ನು ಗಂಡಸರ ಮುಂದಿಟ್ಟ ಗಾಂಧಿಗೂ ಈ ಕತೆಯಲ್ಲಿ ಏನೂ ಕೊರೆ ಕಾಣಲಿಲ್ಲ.

ಇನ್ನು ತನಗೆ ತಾನೇ ಹೊಲಿದುಕೊಳ್ಳುವವರ ವಿಚಾರ. ನನಗೆ ಪರಿಚಯದವರೊಬ್ಬರಿದ್ದಾರೆ. ಹುಟ್ಟಿದಾಗ ಮನೆಯವರು ಗಂಡು ಮಗು ಎಂದು ಹೆಸರಿಟ್ಟರು; ಈಗ ಹೆಣ್ಣಾಗಿ ಬದುಕುತ್ತಿದ್ದಾರೆ. ಸೀರೆ ಉಡುವುದು ಅವರಿಗೆ ಕಷ್ಟವಾಗಲಿಲ್ಲ. ಆರು ಗಜದ ಬಟ್ಟೆ ಉಟ್ಟವರ ಮೈ ಯಾವುದು ಎಂದು ಕೇಳುವುದಿಲ್ಲ. ಕಷ್ಟ ಬಂದದ್ದು ರವಿಕೆಗೆ. ಬ್ಲೌಸ್ ಹೊಲಿಸಲು ಹೋದಾಗ ನಮ್ಮ ಟೈಲರುಗಳು ಮೈ ಮುಟ್ಟಿ ಅಳತೆ ತೆಗೆಯುವುದು ಕಡಿಮೆ ಎಂದು ಇಲ್ಲಿರುವ ಹೆಂಗಸರಿಗೆಲ್ಲ ಗೊತ್ತು. 'ಅಳತೆ ಬ್ಲೌಸ್ ತಂದಿದೀರಾ?' ಎನ್ನುತ್ತಾರೆ. ಸರಿಯಾಗಿ ಕೂರುವ ಹಳೆಯ ಬ್ಲೌಸ್ ಒಂದನ್ನು ಕೊಟ್ಟರೆ ಅದರ ಮೇಲೆ ಹೊಸದನ್ನು ಕತ್ತರಿಸುತ್ತಾರೆ. ನಮ್ಮ ಅಮ್ಮಂದಿರ ಕಾಲದಿಂದ ಹೀಗೇ ಒಂದು ಬ್ಲೌಸಿನಿಂದ ಇನ್ನೊಂದು ಹುಟ್ಟುತ್ತಾ ಬಂದಿದೆ. ಜೀವನದ ಮೊದಲ ಬ್ಲೌಸ್ ಹೊಲಿಸಬೇಕಾದವರ ಬಳಿ ಅಳತೆ ಬ್ಲೌಸ್ ಎಲ್ಲಿಂದ ಬರಬೇಕು?

ಅವರು ಅಕ್ಕನದ್ದನ್ನು ಕೊಟ್ಟರು. ಹೊಲಿದು ಬಂದದ್ದು ಭುಜಕ್ಕೇ ಹತ್ತಲಿಲ್ಲ. ಇನ್ನೊಂದು ಅಂಗಡಿಯಲ್ಲಿ ಅಳತೆಗೆ ನಿಂತಾಗ ಒಳಗಿನ ಹುಡುಗರು ಮಿಷನ್ ನಿಲ್ಲಿಸಿ ನೋಡತೊಡಗಿದರು. ಮತ್ತೆ ಅಂಗಡಿಗೆ ಹೋಗಲಿಲ್ಲ. ಫೋನಿನಲ್ಲಿ ವಿಡಿಯೋ ನೋಡುತ್ತಾ ನೆಲದ ಮೇಲೆ ಹಳೆಯ ದಿನಪತ್ರಿಕೆ ಹರಡಿಕೊಂಡು ಕೂತರು. ಲೆಕ್ಕ ನೋಡಲು ಸುಲಭ: ಎದೆ ಸುತ್ತಳತೆಯ ನಾಲ್ಕನೇ ಒಂದು ಭಾಗ, ಅದರ ಮೇಲೆ ಹೊಲಿಗೆಗೆ ಒಂದೂವರೆ ಇಂಚು, ಭುಜದ ಅರ್ಧ, ಅಲ್ಲಿಂದ ಕಂಕುಳಿಗೆ ಇಳಿಯುವ ಬಾಗು. ವಿಡಿಯೋದಾಕೆ ಹೇಳುವ ಭುಜಕ್ಕೂ ಇವರ ಭುಜಕ್ಕೂ ಎರಡು ಇಂಚು ವ್ಯತ್ಯಾಸ. ಆ ಎರಡು ಇಂಚನ್ನು ಹಾಗೆಯೇ ಸೇರಿಸಿದರೆ ಕೊರಳು ಅಗಲವಾಗಿ ಜಾರುತ್ತದೆ. ಕೊರಳನ್ನು ಬಿಗಿಮಾಡಿದರೆ ಬೆನ್ನಿನಲ್ಲಿ ಎಳೆಯುತ್ತದೆ. ಹಳೆಯ ಲುಂಗಿಯ ಮೇಲೆ ಕತ್ತರಿಸಿ, ಕಚ್ಚಾ ಹೊಲಿಗೆ ಹಾಕಿ, ತೊಟ್ಟು, ಬಿಚ್ಚಿ, ಮತ್ತೆ ಕತ್ತರಿಸಿ ಕೊನೆಗೆ ಕಂಡುಕೊಂಡರು: ಬಿಡಿಸಬೇಕಾದ್ದು ಬೆನ್ನಿನ ಭಾಗವನ್ನು, ತಗ್ಗಿಸಬೇಕಾದ್ದು ಮುಂದಿನ ಟಕ್ಸನ್ನು. ಯಾವ ಪುಸ್ತಕದಲ್ಲೂ ಇರದ ನಕ್ಷೆ ಅದು, ಆ ಒಂದು ಮೈಗೆ ಮಾತ್ರ ಸೇರಿದ್ದು. ಅಳತೆಗೆ ಮಾತ್ರ ಇನ್ನೊಂದು ಕೈ ಬೇಕಾಯಿತು. ತನ್ನ ಬೆನ್ನನ್ನು ತಾನೇ ಅಳೆಯಲು ಯಾರಿಗೂ ಬಾರದು. ಅಮ್ಮ ಬಂದು ಟೇಪು ಹಿಡಿದರು, ಎಷ್ಟು ಇಂಚೆಂದು ಹೇಳಿದರು, ಬೇರೇನೂ ಹೇಳಲಿಲ್ಲ.

2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳನ್ನು ಕುರಿತ ನಾಲ್ಸಾ ತೀರ್ಪಿನಲ್ಲಿ ಒಂದು ಮಾತು ಹೇಳಿತು. ತಾನು ಗುರುತಿಸಿಕೊಂಡ ಲಿಂಗವನ್ನು ಉಡುಪಿನ ಮೂಲಕ ತೋರಿಸಿಕೊಳ್ಳುವುದೂ ಸಂವಿಧಾನದ 19(1)(ಎ) ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೇ ಬರುತ್ತದೆ ಎಂದು. ದೊಡ್ಡ ತೀರ್ಪು, ಗೌರವದಿಂದ ಓದಬೇಕಾದ್ದು. ತೀರ್ಪು ಬಂದ ಮೇಲೂ ಬ್ಲೌಸನ್ನು ಯಾರಾದರೂ ಕತ್ತರಿಸಲೇಬೇಕಿತ್ತು.

ಗಂಡಸರ ಕಡೆಗೆ ಬರೋಣ. ಪೇಟೆಯಲ್ಲಿ ಹೊಲಿದರೆ ಮಾಸ್ಟರ್, ಮನೆಯಲ್ಲಿ ಹೊಲಿದರೆ ಅಮ್ಮಾವ್ರ ಗಂಡ. ಇದು ನಮ್ಮ ಅಲಿಖಿತ ಕಾನೂನು. ನಾನು ನನ್ನ ಜುಬ್ಬಾಗಳನ್ನು ನಾನೇ ಹೊಲಿದುಕೊಳ್ಳುತ್ತೇನೆ. ಇವತ್ತು ತೊಟ್ಟಿರುವುದೂ ಅಂಥದ್ದೇ; ಹತ್ತಿರ ಬಂದು ನೋಡಬೇಡಿ, ದೂರಕ್ಕೆ ಚೆನ್ನಾಗಿದೆ. ಇದನ್ನು ಕೇಳಿದ ಸ್ನೇಹಿತರು ಮೊದಲು ಕೇಳುವುದು 'ಯಾಕೆ, ಮನೇಲಿ ಹೊಲಿಯಲ್ವಾ?' ಎಂದು. ನನ್ನ ಹೆಂಡತಿಗೆ ಹೊಲಿಗೆ ಬರುವುದಿಲ್ಲ, ಬೇಕೂ ಇಲ್ಲ; ಆಕೆ ಬ್ಯಾಂಕಿನಲ್ಲಿದ್ದವರು. ಯಾರೂ ಅದನ್ನು ಕೊರತೆ ಎಂದು ಕಾಣಬೇಕಾಗಿಲ್ಲ, ಆದರೂ ಕಾಣುತ್ತಾರೆ. ದಕ್ಷಿಣ ಆಫ್ರಿಕಾದಲ್ಲಿ ಗಾಂಧಿ ತಾನೇ ಇಸ್ತ್ರಿ ಮಾಡಿದ ಕಾಲರ್ ಹಾಕಿಕೊಂಡು ಕೋರ್ಟಿಗೆ ಹೋಗಿ, ಗಂಜಿ ಉದುರಿ ಜೊತೆಯ ವಕೀಲರ ನಗೆಗೆ ಸಿಕ್ಕಿದ್ದನ್ನು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಅವರಿಗೆ ಆ ನಗೆಯಿಂದ ನಾಚಿಕೆಯಾಗಲಿಲ್ಲ. ನನಗೆ ಸ್ವಲ್ಪ ಆಗುತ್ತಿತ್ತು. ಈಗ ಕಡಿಮೆ.

ಹೊಲಿಯಲು ಕೂತಾಗ ಗಂಡಸಿಗೆ ತಿಳಿಯುವ ಮೊದಲ ಸಂಗತಿ ತನ್ನ ಮೈ ಮಟ್ಟಸವಾಗಿಲ್ಲ ಎಂಬುದು. ಬಲಭುಜ ತುಸು ಇಳಿದಿರುತ್ತದೆ, ಹೊಟ್ಟೆ ಮುಂದೆ ಬಂದಿರುತ್ತದೆ. ಅಂಗಡಿಯ ಮಾಸ್ಟರು ಇದನ್ನೆಲ್ಲ ಒಂದು ಮಾತೂ ಆಡದೆ ಚೀಟಿಯಲ್ಲಿ ಗುರುತು ಹಾಕಿಕೊಂಡು ಸರಿದೂಗಿಸುತ್ತಾರೆ, ನಮಗೆ ಗೊತ್ತೇ ಆಗುವುದಿಲ್ಲ. ತನ್ನ ಸೊಂಟದ ಸುತ್ತಳತೆಯನ್ನು ತಾನೇ ಬರೆದುಕೊಳ್ಳುವಾಗ ಮರೆಮಾಚಲು ದಾರಿ ಇಲ್ಲ. ಹೆಂಗಸರಿಗೆ ಈ ಸಮಾಜ ದಿನವೂ ಕನ್ನಡಿ ಹಿಡಿಯುತ್ತದೆ. ಗಂಡಸರು ಅಳತೆ ಟೇಪಿನ ಮುಂದೆ ಒಮ್ಮೆಯಾದರೂ ನಿಲ್ಲಲಿ ಎಂದು ನನ್ನ ಹಟ.

ಹುಡುಗಿಯರು ಹೊಲಿಗೆ ಕಲಿತ ಮೇಲೆ ಮೊದಲು ಏನು ಮಾಡುತ್ತಾರೆ ಗೊತ್ತೇ? ಕುರ್ತಾಕ್ಕೆ ಜೇಬು ಇಡುತ್ತಾರೆ. ನನ್ನ ವಿದ್ಯಾರ್ಥಿನಿಯರಲ್ಲಿ ಕೆಲವರು ಹೀಗೆ ಮಾಡಿದ್ದನ್ನು ಕಂಡಿದ್ದೇನೆ. ಫೋನು, ಬಸ್ ಪಾಸು, ಕೀಲಿ ಎಲ್ಲ ಹಿಡಿಸುವ ಜೇಬು, ಪಕ್ಕದ ಹೊಲಿಗೆಯೊಳಗೆ ಅಡಗಿಸಿಟ್ಟದ್ದು. ಹೆಂಗಸರ ಉಡುಪಿಗೆ ಜೇಬೇ ಬೇಡವೆಂದು ಯಾರು ತೀರ್ಮಾನಿಸಿದರೋ ಕಾಣೆ, ನಮ್ಮ ಅಜ್ಜಿಯರಂತೂ ಅಲ್ಲ. ಅವರ ಸೊಂಟದಲ್ಲಿ ಸಂಚಿ ಇತ್ತು. ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ದುಡ್ಡಿಗೊಂದು ಅರೆ. ಎಲ್ಲ ಕೈಹೊಲಿಗೆ, ದಾರ ಎಳೆದರೆ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಮೈಸೂರಿನ ಚಿಕ್ಕದೇವರಾಜರ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮ ಗೃಹಿಣಿಯ ಧರ್ಮವನ್ನು ಕುರಿತು 'ಹದಿಬದೆಯ ಧರ್ಮ' ಬರೆದಳು. ಅವಳ ಹೆಸರಿನ ಮುಂದೆ ಉಳಿದದ್ದು ಗಂಡನ ಮನೆತನವಲ್ಲ, ಸಂಚಿ.

ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರ ಕೌದಿಗಳನ್ನೂ ಇಲ್ಲಿ ನೆನೆಯಬೇಕು. ಹಳೆಯ ಸೀರೆ, ಪಂಚೆ, ಅಂಗಿಯ ಚೂರುಗಳನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ 'ಫೂಲ' ಇಡಬೇಕು. ಅದಿಲ್ಲದಿದ್ದರೆ ಕೌದಿ ಬೆತ್ತಲೆ ಎನ್ನುತ್ತಾರೆ. ಗಂಡನ ಹಳೆಯ ಅಂಗಿ ಎಲ್ಲಿ ಕೂರಬೇಕು, ತನ್ನ ಸೀರೆ ಎಲ್ಲಿ ಕೂರಬೇಕು ಎಂದು ಅಲ್ಲಿ ಅವಳನ್ನು ಕೇಳದೆ ಯಾರೂ ತೀರ್ಮಾನಿಸುವುದಿಲ್ಲ.

ಆಕ್ಷೇಪಗಳೂ ಇವೆ. ಬಟ್ಟೆ ಕೊಂಡು, ದಾರ ಕೊಂಡು, ಎರಡು ಭಾನುವಾರ ಕಳೆದು ಹೊಲಿದ ಅಂಗಿಗಿಂತ ಸಂತೆಯ ರೆಡಿಮೇಡ್ ಅಂಗಿ ಅಗ್ಗ; ಇದು ಪಿಂಚಣಿ ಬರುವ ಮೇಷ್ಟ್ರ ಶೋಕಿ ಅಲ್ಲವೇ? ಹೌದು, ನನ್ನ ಮಟ್ಟಿಗೆ ಶೋಕಿಯೇ. ಆದರೆ ಸಂತೆಯ ಅಂಗಿ ಸರಿಹೊಂದದ ಮೈಗಳೂ ಇವೆ. ಪೋಲಿಯೋ ಬಂದ ಕಾಲು, ಬಾಗಿದ ಬೆನ್ನು, ಶಸ್ತ್ರಚಿಕಿತ್ಸೆಯಾದ ಎದೆ, ಅಕ್ಕನ ಬ್ಲೌಸ್ ಹತ್ತದ ಭುಜ. ಅವರಿಗೆ ಇದು ಶೋಕಿಯಲ್ಲ. ಎಲ್ಲರೂ ಹೊಲಿದುಕೊಂಡರೆ ದರ್ಜಿಗಳ ಗತಿ ಏನು ಎಂಬುದು ಎರಡನೆಯ ಆಕ್ಷೇಪ. ದರ್ಜಿಯ ಹೊಟ್ಟೆಯ ಮೇಲೆ ಹೊಡೆದದ್ದು ರೆಡಿಮೇಡ್ ಅಂಗಡಿ. ಸ್ವಂತಕ್ಕೆ ಹೊಲಿಯಲು ಹೊರಟ ನಾವು ತೋಳು ಕೂರಿಸಲಾರದೆ ಕೊನೆಗೆ ಅವರ ಬಾಗಿಲಿಗೇ ಹೋಗುತ್ತೇವೆ. ನನಗೆ ಕಟಿಂಗ್ ಕಲಿಸಿದವರು ನಮ್ಮ ಬೀದಿಯ ಮಾಸ್ಟರೇ. ಗುರುದಕ್ಷಿಣೆಯನ್ನು ಗಂಟೆಯ ಲೆಕ್ಕದಲ್ಲಿ ತೆಗೆದುಕೊಂಡರು, ನ್ಯಾಯವಾಗಿಯೇ.

ಸರ್ಕಾರಗಳು, ಸಂಘಸಂಸ್ಥೆಗಳು ಹೆಣ್ಣುಮಕ್ಕಳಿಗೆ ಹೊಲಿಗೆ ಯಂತ್ರ ಹಂಚುವ ಫೋಟೋ ಪತ್ರಿಕೆಯಲ್ಲಿ ತಪ್ಪದೆ ಬರುತ್ತದೆ. ಶಾಸಕರು ನಡುವೆ, ಹೆಣ್ಣುಮಕ್ಕಳು ಸಾಲಾಗಿ, ಮುಂದೆ ಮಿಷನ್ನು. ಬಡಹೆಣ್ಣು ಎಂದರೆ ಹೊಲಿಗೆ ಯಂತ್ರ ಎಂಬ ಸಮೀಕರಣವನ್ನು ಯಾರು ಕಂಡುಹಿಡಿದರೋ. ನನ್ನ ತಕರಾರು ಯಂತ್ರದ ಮೇಲಲ್ಲ. ಯಂತ್ರ ಕೊಟ್ಟು ಕಟಿಂಗ್ ಕಲಿಸದಿದ್ದರೆ ಆಕೆ ಮತ್ತೆ ಯಾರದೋ ಬ್ಲೌಸಿಗೆ ಹುಕ್ಕು ಹಚ್ಚುವಲ್ಲಿಗೇ ಬರುತ್ತಾಳೆ. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯ ಕಸುಬೂ ಇದೆ. ಅಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ, ತರಬೇತಿಯೂ ಇದೆ, ಸಲಕರಣೆಗೆ 15,000 ರೂಪಾಯಿಯವರೆಗೆ ನೆರವೂ ಇದೆ. ಆ ತರಬೇತಿಯಲ್ಲಿ ಪ್ಯಾಂಟ್ ಕಟಿಂಗಿನ ಮೇಜಿಗೆ ಹುಡುಗಿಯರನ್ನು ಮೊದಲು ನಿಲ್ಲಿಸಿ ಎಂದು ಕೇಳಿಕೊಳ್ಳುತ್ತೇನೆ.

ಕೊನೆಯದಾಗಿ ಪ್ರಾಂಶುಪಾಲರಲ್ಲಿ ಒಂದು ಅರಿಕೆ. ನಿಮ್ಮ ಗೃಹವಿಜ್ಞಾನ ವಿಭಾಗದಲ್ಲಿ ಹೊಲಿಗೆ ಮಿಷನ್ನುಗಳಿವೆ ಎಂದು ಬರುವಾಗ ಕಂಡೆ, ಮೇಲೆ ಹೊದಿಕೆ ಹಾಕಿಟ್ಟಿದ್ದೀರಿ. ಶನಿವಾರ ಮಧ್ಯಾಹ್ನ ಆ ಕೋಣೆಯನ್ನು ಎಲ್ಲ ವಿದ್ಯಾರ್ಥಿಗಳಿಗೂ ತೆರೆದಿಡಿ. ಬೀದಿಯ ಮಾಸ್ಟರೊಬ್ಬರನ್ನು ಗೌರವಧನ ಕೊಟ್ಟು ಕರೆಸಿ. ಈ ಉಪನ್ಯಾಸಕ್ಕೆ ನನಗೆ ಕೊಡುವ ಹಣವನ್ನು ಅದಕ್ಕೇ ಜಮಾ ಮಾಡಿಕೊಂಡು ಮೊದಲು ಎರಡು ಕತ್ತರಿ ತನ್ನಿ. ಒಂದು ಬಟ್ಟೆಗೆ, ಒಂದು ಕಾಗದಕ್ಕೆ. ಬಟ್ಟೆಯ ಕತ್ತರಿಯಲ್ಲಿ ನೋಟಿಸ್ ಬೋರ್ಡಿನ ಕಾಗದ ಕತ್ತರಿಸಲು ಕಚೇರಿಯವರು ಕೇಳಿಕೊಂಡು ಬರುತ್ತಾರೆ, ಯಾರು ಕೇಳಿದರೂ ಕೊಡಬೇಡಿ.